ಕರ್ನಲ್ 6.6ರಿಂದ 6.16ಕ್ಕೆ: ಕಂಪೈಲ್ ಆಗದ ವರ್ಚುಯಲೈಸೇಶನ್ ಮಾಡ್ಯೂಲ್‌ಗಳ ದುರಸ್ತಿ

ಲಿನಕ್ಸ್ ಕರ್ನಲ್ 6.6 ಇದ್ದ ಯಂತ್ರವನ್ನು 6.16ಕ್ಕೆ ಏರಿಸಿದ ಮೇಲೆ ವರ್ಚುಯಲ್ ಮಷಿನ್ ನಡೆಸುವ ತಂತ್ರಾಂಶವೇನೋ ತೆರೆದುಕೊಂಡಿತು, ಆದರೆ ಅದರೊಳಗಿನ ಒಂದು ಗೆಸ್ಟ್ (ಅದರಲ್ಲಿ ಓಡುವ ವರ್ಚುಯಲ್ ಮಷಿನ್) ಕೂಡ ಬೂಟ್ ಆಗಲಿಲ್ಲ. ಈ ಕರ್ನಲ್‌ಗೆ ಮಾಡ್ಯೂಲ್‌ಗಳನ್ನು (ಕರ್ನಲ್ಲಿಗೆ ಬೇಕೆಂದಾಗ ಸೇರಿಸುವ ಕೋಡ್ ತುಂಡುಗಳನ್ನು) ಹೊಸದಾಗಿ ಬಿಲ್ಡ್ ಮಾಡಬೇಕೆಂಬ ಸೂಚನೆ ಬಂತು. ಬಿಲ್ಡ್ ಮಾಡಲು ಹೋದರೆ ಪರದೆ ತುಂಬ ಸಾಲುಗಳು ಹರಿದು, ಕೊನೆಗೆ ‘ಮೇಕ್: ಎರರ್ 2’ ಎಂದು ನಿಂತಿತು.

ಇಲ್ಲಿರುವುದು ಎರಡು ಮಾಡ್ಯೂಲ್‌ಗಳು. ಒಂದು ಪ್ರೊಸೆಸರಿನ ವರ್ಚುಯಲೈಸೇಶನ್ ಸೌಲಭ್ಯವನ್ನು ನೇರವಾಗಿ ಬಳಸುತ್ತದೆ. ಅದನ್ನು ಮಾನಿಟರ್ ಮಾಡ್ಯೂಲ್ ಎನ್ನೋಣ. ಇನ್ನೊಂದು ಗೆಸ್ಟ್‌ಗಳಿಗೆ ಬೇಕಾದ ವರ್ಚುಯಲ್ ನೆಟ್‌ವರ್ಕ್ ಕಾರ್ಡ್‌ಗಳನ್ನು ಒದಗಿಸುತ್ತದೆ. ಎರಡೂ ಕರ್ನಲ್‌ನ ಮೂಲ ಮರದ, ಅಂದರೆ ಅದರ ಅಧಿಕೃತ ಸೋರ್ಸ್ ಕೋಡಿನ, ಹೊರಗಿರುವಂಥವು. ಎರಡರ ಸೋರ್ಸ್ ಕೋಡೂ ಕೈಯಲ್ಲಿತ್ತು, ಹಾಗಾಗಿ ಹೊಸ ಆವೃತ್ತಿಗೆ ಕಾಯದೆ ನಾನೇ ಸರಿಪಡಿಸಲು ಕೂತೆ.

ಮರದ ಹೊರಗಿನ ಮಾಡ್ಯೂಲ್ ಹೀಗೆ ಮುರಿಯುವುದು ಅಪರೂಪವಲ್ಲ. ಯೂಸರ್ ಪ್ರೋಗ್ರಾಂಗಳು ಬಳಸುವ ಸಿಸ್ಟಂ ಕಾಲ್‌ಗಳನ್ನು ಮುರಿಯಬಾರದು ಎಂಬುದು ಲಿನಕ್ಸ್‌ನ ಕಟ್ಟುನಿಟ್ಟಿನ ನಿಯಮ. ಆದರೆ ಕರ್ನಲ್ ಒಳಗಿನ ಫಂಕ್ಷನ್‌ಗಳಿಗೆ ಅಂಥ ಯಾವ ಭರವಸೆಯೂ ಇಲ್ಲ, ಮತ್ತು ಅದನ್ನು ಕರ್ನಲ್‌ನ ದಾಖಲೆಗಳಲ್ಲೇ ಕಾರಣ ಸಮೇತ ಬರೆದಿದ್ದಾರೆ. ಒಳಗಿನ ಫಂಕ್ಷನ್ ಒಂದರ ಹೆಸರು ಬದಲಿಸುವವರು ಮರದೊಳಗೆ ಅದನ್ನು ಬಳಸುವ ಎಲ್ಲ ಕಡೆಯೂ ತಾವೇ ತಿದ್ದುತ್ತಾರೆ. ಹೊರಗಿರುವ ನಮ್ಮ ಕೋಡ್ ಅವರ ಕಣ್ಣಿಗೆ ಬೀಳುವುದಿಲ್ಲ. ಈ ವ್ಯವಸ್ಥೆ ಸರಿಯಾದದ್ದು ಎಂದೇ ನನ್ನ ನಂಬಿಕೆ; ಇಷ್ಟು ವರ್ಷ ಕರ್ನಲ್ ಹಗುರವಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಹೊರಗೆ ಇರುವವರು ಬದಲಾವಣೆಯ ಜಾಡು ಹಿಡಿಯಲು ಕಲಿಯಬೇಕು, ಅಷ್ಟೆ. ಈ ದುರಸ್ತಿಯ ಉದ್ದಕ್ಕೂ ನಾನು ಪಾಲಿಸಿದ್ದು ಒಂದೇ ನಿಯಮ: ಕರ್ನಲ್‌ನಲ್ಲಿ ಆ ಬದಲಾವಣೆ ಮಾಡಿದ ಕಮಿಟ್ (ಗಿಟ್‌ನಲ್ಲಿ ದಾಖಲಾದ ಒಂದು ತಿದ್ದುಪಡಿ) ಸಿಗುವವರೆಗೆ ಕೋಡ್ ಮುಟ್ಟಬಾರದು. ಕಂಪೈಲರ್ ನೋಡುವುದು ಹೆಸರು ಮತ್ತು ಟೈಪ್‌ಗಳನ್ನು ಮಾತ್ರ. ಅದರ ಬಾಯಿ ಮುಚ್ಚಿಸುವುದು ಸುಲಭ, ಮುಚ್ಚಿಸಿದ ಮೇಲೆ ಮಾಡ್ಯೂಲ್ ಸರಿಯಾಗಿ ಕೆಲಸ ಮಾಡುತ್ತದೆ ಎಂಬ ಖಾತರಿ ಇಲ್ಲ.

ಕೋಡ್ ತೆರೆಯುವ ಮುನ್ನ

ಮೊದಲು ನೋಡಬೇಕಾದದ್ದು ಹೆಡರ್‌ಗಳನ್ನು, ಅಂದರೆ ಕರ್ನಲ್‌ನ ಫಂಕ್ಷನ್‌ಗಳನ್ನು ಘೋಷಿಸುವ ಫೈಲುಗಳನ್ನು. ಓಡುತ್ತಿರುವ ಕರ್ನಲ್‌ನ ಆವೃತ್ತಿಯೂ ಇನ್‌ಸ್ಟಾಲ್ ಆಗಿರುವ ಹೆಡರ್ ಪ್ಯಾಕೇಜಿನ ಆವೃತ್ತಿಯೂ ಕೊನೆಯ ಅಂಕಿಯವರೆಗೆ ಒಂದೇ ಆಗಿರಬೇಕು. ಕರ್ನಲ್ ಅಪ್‌ಡೇಟ್ ಆಗಿ ಇನ್ನೂ ರೀಬೂಟ್ ಮಾಡದಿದ್ದರೆ ಇಲ್ಲೇ ಎಡವುತ್ತದೆ.

ಎರಡನೆಯದು ಕಂಪೈಲರ್. ಕರ್ನಲ್ಲನ್ನು ಯಾವ ಕಂಪೈಲರ್‌ನಿಂದ ಬಿಲ್ಡ್ ಮಾಡಿದ್ದಾರೆ ಎಂಬುದು ಪ್ರೋಕ್ ಡೈರೆಕ್ಟರಿಯ ‘ವರ್ಷನ್’ ಫೈಲಿನಲ್ಲಿ ಇರುತ್ತದೆ. ನಮ್ಮದು ಅದಕ್ಕಿಂತ ಹಳೆಯದಾಗಿದ್ದರೆ, ಕರ್ನಲ್ ಕೊಡುವ ಕೆಲವು ಫ್ಲ್ಯಾಗ್‌ಗಳು (ಕಂಪೈಲರಿಗೆ ಕೊಡುವ ಆಯ್ಕೆಗಳು) ಅದಕ್ಕೆ ಗೊತ್ತೇ ಇರುವುದಿಲ್ಲ. ಲೋಕಲ್ ವೇರಿಯಬಲ್‌ಗಳನ್ನು ತಾನಾಗಿ ಸೊನ್ನೆಗೆ ಇಡುವ ಫ್ಲ್ಯಾಗ್ ಇದೆಯಲ್ಲ, ಜಿಸಿಸಿ ಕಂಪೈಲರಿನ 11ನೇ ಆವೃತ್ತಿಗೆ ಅದು ಅಪರಿಚಿತ; ಬಂದದ್ದು ಜಿಸಿಸಿ 12ರಲ್ಲಿ. ‘ಗುರುತಿಸಲಾಗದ ಕಮಾಂಡ್ ಲೈನ್ ಆಯ್ಕೆ’ ಎಂಬ ಎರರ್ ಕಂಡರೆ ಮಾಡ್ಯೂಲಿನ ಕೋಡಿನಲ್ಲಿ ಏನೂ ತಪ್ಪಿಲ್ಲ, ಕಂಪೈಲರ್ ಬದಲಿಸಿದರೆ ಸಾಕು. ಕರ್ನಲ್ಲನ್ನು ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್‌ನಿಂದ ಬಿಲ್ಡ್ ಮಾಡಿದ್ದರೆ ಮಾಡ್ಯೂಲಿಗೂ ‘ಎಲ್‌ಎಲ್‌ವಿಎಂ=1’ ಎಂದು ಕೊಟ್ಟು ಬಿಲ್ಡ್ ಮಾಡಬೇಕು. ನನ್ನ ಯಂತ್ರದಲ್ಲಿ ಇವೆರಡೂ ಸರಿಯಾಗಿದ್ದವು.

ಮೂರನೆಯದು ಲಾಗ್ ಓದುವ ಬಗೆ. ಕೊನೆಯ ಸಾಲಿನ ‘ಎರರ್ 2’ ಎಂದರೆ ಕೆಳಗಿನ ಹಂತದಲ್ಲಿ ಯಾವುದೋ ಕೆಲಸ ವಿಫಲವಾಯಿತು ಎಂದಷ್ಟೇ. ಅದನ್ನು ಹಿಡಿದು ಹುಡುಕಿದರೆ ಸಂಬಂಧವಿಲ್ಲದ ಸಾವಿರ ಉತ್ತರ ಸಿಗುತ್ತವೆ. ಸಮಾನಾಂತರ ಜಾಬ್‌ಗಳನ್ನು ಒಂದಕ್ಕೆ ಇಳಿಸಿ, ಲಾಗನ್ನು ಫೈಲಿಗೆ ಬರೆಸಿ, ಮೇಲಿನಿಂದ ಮೊದಲ ‘ಎರರ್’ ಪದವನ್ನು ಹುಡುಕಬೇಕು. ಹಲವು ಜಾಬ್‌ಗಳು ಒಟ್ಟಿಗೆ ಓಡಿದರೆ ಬೇರೆ ಬೇರೆ ಫೈಲುಗಳ ಸಾಲುಗಳು ಒಂದರೊಳಗೊಂದು ಹೆಣೆದುಕೊಂಡು ಯಾವುದು ಮೊದಲು ಎಂದೇ ತಿಳಿಯುವುದಿಲ್ಲ.

6.6ರ ಕಾಲದಲ್ಲಿ ಇಲ್ಲದ ಇನ್ನೊಂದು ಗದ್ದಲವೂ ಈಗ ಇದೆ. 6.8ರಿಂದ ‘ಮಿಸ್ಸಿಂಗ್ ಪ್ರೋಟೋಟೈಪ್ಸ್’ ವಾರ್ನಿಂಗ್ ಇಡೀ ಕರ್ನಲ್‌ಗೆ ಪೂರ್ವನಿಯೋಜಿತವಾಗಿ ಚಾಲೂ ಆಗಿದೆ. ಸ್ಟ್ಯಾಟಿಕ್ ಅಲ್ಲದ, ಯಾವ ಹೆಡರ್‌ನಲ್ಲೂ ಘೋಷಣೆಯಾಗದ ಪ್ರತಿ ಫಂಕ್ಷನ್‌ಗೂ ಒಂದೊಂದು ವಾರ್ನಿಂಗ್ ಬೀಳುತ್ತದೆ. ಹಳೆಯ ಮಾಡ್ಯೂಲ್‌ಗಳಲ್ಲಿ ಇಂಥವು ಧಾರಾಳ. ಅವು ಬಿಲ್ಡನ್ನು ನಿಲ್ಲಿಸುವುದಿಲ್ಲ. ನಿಜವಾದ ಎರರ್ ಮಾತ್ರ ಅವುಗಳ ನಡುವೆ ಹೂತುಹೋಗುತ್ತದೆ. ಆ ಫಂಕ್ಷನ್‌ಗಳಿಗೆ ‘ಸ್ಟ್ಯಾಟಿಕ್’ ಸೇರಿಸುವ ಕೆಲಸವನ್ನು ನಾನು ಬದಿಗಿಟ್ಟೆ. ದುರಸ್ತಿಯ ಪ್ಯಾಚ್ ಬೇರೆ, ಶುಚಿಗೊಳಿಸುವ ಪ್ಯಾಚ್ ಬೇರೆ ಇರಬೇಕು.

ಹೆಡರ್ ಅಲ್ಲೇ ಇದೆ, ಆದರೂ ಸಿಗುತ್ತಿಲ್ಲ

ಮೊದಲ ಎರರ್: ಮಾಡ್ಯೂಲಿನದೇ ಒಂದು ಹೆಡರ್ ಫೈಲ್ ಇಲ್ಲ ಎಂಬ ದೂರು. ಡೈರೆಕ್ಟರಿ ತೆರೆದು ನೋಡಿದರೆ ‘ಇನ್‌ಕ್ಲೂಡ್’ ಒಳಗೆ ಆ ಫೈಲ್ ತಣ್ಣಗೆ ಕೂತಿದೆ.

ಇಲ್ಲಿ ಹಲವರು ಮಾಡುವುದೆಂದರೆ ಆ ಹೆಡರನ್ನು ಸಿ ಫೈಲುಗಳ ಪಕ್ಕಕ್ಕೆ ಕಾಪಿ ಮಾಡುವುದು, ಇಲ್ಲವೇ ಇನ್‌ಕ್ಲೂಡ್ ಸಾಲಿನಲ್ಲಿ ಪೂರ್ತಿ ಹಾದಿ ಬರೆಯುವುದು. ಎರರ್ ಹೋಗುತ್ತದೆ, ಕಾರಣ ಅಲ್ಲೇ ಉಳಿಯುತ್ತದೆ. ಅದರ ಬದಲು ಬಿಲ್ಡಿಗೆ ‘ವಿ=1’ ಸೇರಿಸಿ ಓಡಿಸಿದೆ. ಆಗ ಪ್ರತಿ ಫೈಲಿಗೂ ಕಂಪೈಲರನ್ನು ಯಾವ ಯಾವ ಫ್ಲ್ಯಾಗ್‌ಗಳೊಂದಿಗೆ ಕರೆಯಲಾಗುತ್ತಿದೆ ಎಂಬುದು ಪೂರ್ತಿ ಕಾಣುತ್ತದೆ. ಆ ಉದ್ದನೆಯ ಸಾಲಿನಲ್ಲಿ ಕರ್ನಲ್‌ನ ಇನ್‌ಕ್ಲೂಡ್ ಹಾದಿಗಳೆಲ್ಲ ಇದ್ದವು, ನಮ್ಮ ಮಾಡ್ಯೂಲಿನ ಒಂದೂ ಇರಲಿಲ್ಲ. ಮೇಕ್‌ಫೈಲ್‌ನಲ್ಲಿ (ಬಿಲ್ಡಿನ ಸೂಚನೆಗಳಿರುವ ಫೈಲ್) ಬರೆದಿದ್ದ ‘-ಡಿ’ ವ್ಯಾಖ್ಯಾನಗಳೂ (ಕೋಡಿಗೆ ಹೊರಗಿನಿಂದ ಕೊಡುವ ಹೆಸರುಗಳು) ಇರಲಿಲ್ಲ. ಅಂದರೆ ಕಾಣೆಯಾದದ್ದು ಒಂದು ಹೆಡರ್ ಅಲ್ಲ, ಮಾಡ್ಯೂಲಿನ ಫ್ಲ್ಯಾಗ್‌ಗಳು ಇಡಿಯಾಗಿ ಕಾಣೆಯಾಗಿವೆ.

ಮೇಕ್‌ಫೈಲ್‌ನಲ್ಲಿ ಆ ಫ್ಲ್ಯಾಗ್‌ಗಳನ್ನು ‘ಎಕ್ಸ್‌ಟ್ರಾ_ಸಿಫ್ಲ್ಯಾಗ್ಸ್’ ಎಂಬ ವೇರಿಯಬಲ್‌ಗೆ ಸೇರಿಸಿದ್ದರು. ಇದರ ಬದಲಿಗೆ ‘ಸಿಸಿಫ್ಲ್ಯಾಗ್ಸ್-ವೈ’ ಬಳಸಿ ಎಂದು ಕರ್ನಲ್‌ನ ಬಿಲ್ಡ್ ವ್ಯವಸ್ಥೆಯಾದ ಕೆಬಿಲ್ಡ್ 2007ರಲ್ಲೇ ಸೂಚಿಸಿತ್ತು. ಹಳೆಯದೂ ನಡೆಯುತ್ತಿದ್ದುದರಿಂದ ಹೊರಗಿನ ಮಾಡ್ಯೂಲ್‌ಗಳು ಬದಲಾಗಲಿಲ್ಲ. 2025ರ ಮೇ ತಿಂಗಳಲ್ಲಿ ಬಂದ 6.15ರಲ್ಲಿ ಹಳೆಯದರ ಬೆಂಬಲವನ್ನು ತೆಗೆದರು. ಯಾರೂ ಓದದ ವೇರಿಯಬಲ್‌ಗೆ ಬೆಲೆ ಕೊಟ್ಟರೆ ಮೇಕ್ ಗೊಣಗುವುದಿಲ್ಲ, ಎಚ್ಚರಿಸುವುದೂ ಇಲ್ಲ. ಫ್ಲ್ಯಾಗ್‌ಗಳು ಸದ್ದಿಲ್ಲದೆ ಉದುರಿಹೋಗುತ್ತವೆ.

ನನಗೆ ಭಯವಾದದ್ದು ‘-ಡಿ’ ವ್ಯಾಖ್ಯಾನಗಳ ವಿಷಯದಲ್ಲಿ. ಹೆಡರ್ ಸಿಗದಿದ್ದರೆ ಬಿಲ್ಡ್ ನಿಲ್ಲುತ್ತದೆ, ಗೊತ್ತಾಗುತ್ತದೆ. ಆದರೆ ಕೋಡಿನಲ್ಲಿ ‘ಇದು ವ್ಯಾಖ್ಯಾನವಾಗಿದ್ದರೆ ಹೀಗೆ, ಇಲ್ಲವಾದರೆ ಹಾಗೆ’ ಎಂಬ ಕವಲು ಇದ್ದಾಗ ವ್ಯಾಖ್ಯಾನ ಕಾಣೆಯಾದರೆ ಎರಡನೇ ದಾರಿಯ ಕೋಡ್ ಯಾವ ಎರರೂ ಇಲ್ಲದೆ ಕಂಪೈಲ್ ಆಗುತ್ತದೆ. ಒಂದು ಸ್ಟ್ರಕ್ಚರಿನ ಫೀಲ್ಡುಗಳು ಅಂಥ ವ್ಯಾಖ್ಯಾನದ ಮೇಲೆ ನಿಂತಿದ್ದರೆ, ಯೂಸರ್ ಕಡೆಯ ಪ್ರೋಗ್ರಾಂ ಒಂದು ಅಳತೆಯ ಸ್ಟ್ರಕ್ಚರ್ ಕಳಿಸುತ್ತದೆ, ಕರ್ನಲ್ ಮಾಡ್ಯೂಲ್ ಇನ್ನೊಂದು ಅಳತೆ ಎಂದುಕೊಂಡು ಓದುತ್ತದೆ. ಹೆಡರ್ ಕಾಪಿ ಮಾಡಿ ಮುಂದೆ ಹೋದವರು ತಲುಪುವುದು ಅಲ್ಲಿಗೆ.

ತಿದ್ದುಪಡಿ ಚಿಕ್ಕದು: ವೇರಿಯಬಲ್‌ನ ಹೆಸರನ್ನು ‘ಸಿಸಿಫ್ಲ್ಯಾಗ್ಸ್-ವೈ’ ಎಂದು ಬದಲಿಸಿದೆ. ಇದು ಹಳೆಯ ಕರ್ನಲ್‌ಗಳಿಗೂ ಗೊತ್ತಿರುವುದರಿಂದ ಆವೃತ್ತಿ ಪರೀಕ್ಷೆ ಬೇಕಿಲ್ಲ. ಉಪ ಡೈರೆಕ್ಟರಿಗಳಿಗೂ ಅದೇ ಫ್ಲ್ಯಾಗ್ ಹೋಗಬೇಕಿದ್ದರೆ ‘ಸಬ್‌ಡಿರ್-ಸಿಸಿಫ್ಲ್ಯಾಗ್ಸ್-ವೈ’ ಇದೆ. ಕಮಾಂಡ್ ಲೈನಿನಿಂದ ಫ್ಲ್ಯಾಗ್ ಕೊಡುವ ರೂಢಿ ಇರುವವರು ‘ಕೆಸಿಫ್ಲ್ಯಾಗ್ಸ್’ ಬಳಸಬೇಕು. ಇದೇ ಹೊತ್ತಿಗೆ ಇನ್‌ಕ್ಲೂಡ್ ಹಾದಿಗಳನ್ನೂ, ಮಾಡ್ಯೂಲಿನ ಸೋರ್ಸ್ ಇರುವ ಜಾಗವನ್ನು ಹೇಳುವ ‘ಎಸ್‌ಆರ್‌ಸಿ’ ವೇರಿಯಬಲ್‌ನಿಂದ ಶುರುವಾಗುವಂತೆ ಮಾಡಿದೆ. 6.13ರಿಂದ ಹೊರಗಿನ ಮಾಡ್ಯೂಲ್ ಬಿಲ್ಡ್ ಮಾಡುವಾಗ ಕೆಬಿಲ್ಡ್ ಮಾಡ್ಯೂಲಿನ ಡೈರೆಕ್ಟರಿಗೇ ಹೋಗಿ ಕೆಲಸ ಮಾಡುತ್ತದೆ; ಮೊದಲು ಕರ್ನಲ್‌ನ ಡೈರೆಕ್ಟರಿಯಲ್ಲಿ ನಿಂತು ಮಾಡುತ್ತಿತ್ತು. ಹಾಗಾಗಿ ಯಾವುದಕ್ಕೆ ಸಾಪೇಕ್ಷ ಎಂದು ಬರೆಯದ ಹಾದಿಗಳು ಒಂದು ಕರ್ನಲ್‌ನಲ್ಲಿ ಸರಿಯಿದ್ದು ಇನ್ನೊಂದರಲ್ಲಿ ತಪ್ಪುತ್ತವೆ.

ತಿದ್ದಿದ ಮೇಲೆ ಮತ್ತೊಮ್ಮೆ ‘ವಿ=1’ ಓಡಿಸಿ, ಮೇಕ್‌ಫೈಲ್‌ನಲ್ಲಿರುವ ಪ್ರತಿಯೊಂದು ‘-ಡಿ’ ಕಂಪೈಲರ್ ಸಾಲಿಗೆ ಬಂದಿದೆಯೇ ಎಂದು ಒಂದೊಂದಾಗಿ ತಾಳೆ ನೋಡಿದೆ. ಮುಂದಿನ ಎಲ್ಲ ಎರರ್‌ಗಳನ್ನು ನಂಬುವುದಕ್ಕೆ ಈ ಹೆಜ್ಜೆ ಬೇಕೇ ಬೇಕು.

ಟೈಮರ್‌ಗಳು

ಫ್ಲ್ಯಾಗ್‌ಗಳು ವಾಪಸ್ ಬಂದ ಮೇಲೆ ನಿಜವಾದ ಕೋಡ್ ಎರರ್‌ಗಳು ಕಾಣತೊಡಗಿದವು. ನೆಟ್‌ವರ್ಕ್ ಮಾಡ್ಯೂಲಿನಲ್ಲಿ ‘ಡೆಲ್_ಟೈಮರ್_ಸಿಂಕ್’ ಫಂಕ್ಷನ್‌ನ ಘೋಷಣೆ ಇಲ್ಲ ಎಂದಿತು. ಅದೇ ಫೈಲಿನಲ್ಲಿ ಮುಂದೆ ‘ಫ್ರಮ್_ಟೈಮರ್’ ಕೂಡ ಗೊತ್ತಿಲ್ಲ ಎಂದಿತು. ‘ಫ್ರಮ್_ಟೈಮರ್’ ಸಾಲಿನ ಸುತ್ತ ಐದಾರು ಎರರ್‌ಗಳಿದ್ದವು. ಮ್ಯಾಕ್ರೋ (ಕಂಪೈಲ್‌ಗೆ ಮೊದಲು ಪೂರ್ತಿ ಕೋಡಾಗಿ ಬಿಚ್ಚಿಕೊಳ್ಳುವ ಹೆಸರು) ಒಂದು ಮಾಯವಾದರೆ ಹೀಗಾಗುತ್ತದೆ: ಅದರೊಳಗೆ ಕೊಟ್ಟ ಫೀಲ್ಡಿನ ಹೆಸರನ್ನೂ ಕಂಪೈಲರ್ ಘೋಷಣೆಯಾಗದ ವೇರಿಯಬಲ್ ಎಂದೇ ಓದುತ್ತದೆ.

ಕಾರಣ ಹುಡುಕಲು ಕರ್ನಲ್‌ನ ಗಿಟ್ ರೆಪೊಸಿಟರಿ ಪೂರ್ತಿ ಇತಿಹಾಸ ಸಮೇತ ಬೇಕು. ಇತ್ತೀಚಿನ ಇತಿಹಾಸ ಮಾತ್ರ ಇರುವ ಮೇಲುಮೇಲಿನ ಕ್ಲೋನ್ ಸಾಲದು. ‘ಗಿಟ್ ಲಾಗ್’ಗೆ ದೊಡ್ಡ ‘ಎಸ್’ ಆಯ್ಕೆ ಕೊಟ್ಟು ಫಂಕ್ಷನ್ ಹೆಸರನ್ನೂ ಹೆಡರ್ ಫೈಲಿನ ಹಾದಿಯನ್ನೂ ಬರೆದರೆ, ಆ ಹೆಸರು ಆ ಫೈಲಿಗೆ ಸೇರಿದ ಮತ್ತು ಅಲ್ಲಿಂದ ಹೋದ ಕಮಿಟ್‌ಗಳು ಮಾತ್ರ ಬರುತ್ತವೆ. ಆ ಕಮಿಟ್‌ನ ಗುರುತನ್ನು ‘ಗಿಟ್ ಡಿಸ್ಕ್ರೈಬ್’ಗೆ ‘ಕಂಟೇನ್ಸ್’ ಆಯ್ಕೆಯೊಂದಿಗೆ ಕೊಟ್ಟರೆ ಯಾವ ಬಿಡುಗಡೆಯಿಂದ ಈ ಬದಲಾವಣೆ ಎಂದು ತಿಳಿಯುತ್ತದೆ. ಈ ಎರಡು ಕಮಾಂಡ್‌ಗಳು ಗೊತ್ತಿದ್ದರೆ ಯಾರದೋ ಪ್ಯಾಚ್ ಹುಡುಕಿಕೊಂಡು ಅಲೆಯುವ ಕೆಲಸ ಮುಕ್ಕಾಲು ಪಾಲು ತಪ್ಪುತ್ತದೆ.

ಸಿಕ್ಕ ಇತಿಹಾಸ ಹೀಗಿದೆ. ಟೈಮರಿಗೆ ಸಂಬಂಧಿಸಿದ ಫಂಕ್ಷನ್‌ಗಳ ಹೆಸರೆಲ್ಲ ‘ಟೈಮರ್_’ ಎಂದು ಶುರುವಾಗಬೇಕು ಎಂಬುದು ಉದ್ದೇಶ. 6.2ರಲ್ಲಿ ‘ಟೈಮರ್_ಡಿಲೀಟ್’ ಮತ್ತು ‘ಟೈಮರ್_ಡಿಲೀಟ್_ಸಿಂಕ್’ ಬಂದವು, ಹಳೆಯ ಹೆಸರುಗಳು ಅವುಗಳನ್ನೇ ಕರೆಯುವ ತೆಳುವಾದ ಹೊದಿಕೆಯಾಗಿ ಉಳಿದವು. 6.15ರಲ್ಲಿ ಆ ಹೊದಿಕೆಯನ್ನೂ ತೆಗೆದರು. 6.16ರಲ್ಲಿ ‘ಫ್ರಮ್_ಟೈಮರ್’ ಹೋಗಿ ‘ಟೈಮರ್_ಕಂಟೇನರ್_ಆಫ್’ ಬಂತು. ತೆಗೆದುಕೊಳ್ಳುವ ಮೂರು ಆರ್ಗ್ಯುಮೆಂಟ್‌ಗಳೂ ಅವೇ, ಕ್ರಮವೂ ಅದೇ.

ಅಂದರೆ ಎರಡೂ ಬರೀ ಹೆಸರು ಬದಲಾವಣೆ. ಆದರೂ ಹುಡುಕಿ-ಬದಲಿಸುವಾಗ ಒಂದು ಎಚ್ಚರ ಬೇಕು. ‘ಸಿಂಕ್’ ಇರುವುದೂ ಇಲ್ಲದಿರುವುದೂ ಎರಡು ಬೇರೆ ಫಂಕ್ಷನ್‌ಗಳು. ‘ಸಿಂಕ್’ ಇಲ್ಲದ್ದು ಟೈಮರನ್ನು ಸರದಿಯಿಂದ ತೆಗೆದು ತಕ್ಷಣ ಮರಳುತ್ತದೆ. ‘ಸಿಂಕ್’ ಇರುವುದು ಬೇರೊಂದು ಸಿಪಿಯು ಮೇಲೆ ಆ ಟೈಮರಿನ ಕಾಲ್‌ಬ್ಯಾಕ್ (ಸಮಯವಾದಾಗ ಕರೆಯುವ ಫಂಕ್ಷನ್) ಈಗಾಗಲೇ ಓಡುತ್ತಿದ್ದರೆ ಅದು ಮುಗಿಯುವವರೆಗೂ ಕಾಯುತ್ತದೆ. ಮಾಡ್ಯೂಲ್ ಇಳಿಸುವ ದಾರಿಯಲ್ಲಿ ‘ಸಿಂಕ್’ ಬಿಟ್ಟುಹೋದರೆ ಕಂಪೈಲರ್ ಒಪ್ಪುತ್ತದೆ, ಬಹುತೇಕ ಸಲ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಯಾವಾಗಲೋ ಒಮ್ಮೆ ಕಾಲ್‌ಬ್ಯಾಕ್ ಇನ್ನೂ ಓಡುತ್ತಿರುವಾಗಲೇ ಅದು ಬಳಸುವ ಮೆಮೊರಿ ಬಿಡುಗಡೆಯಾಗಿ ಕರ್ನಲ್ ಕುಸಿಯುತ್ತದೆ. ಅಂಥ ದೋಷದ ಮೂಲ ಹುಡುಕುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೆ ಗೊತ್ತು.

6.2ರಲ್ಲೇ ‘ಟೈಮರ್_ಶಟ್‌ಡೌನ್_ಸಿಂಕ್’ ಎಂಬುದೂ ಬಂದಿದೆ. ಇದು ಟೈಮರನ್ನು ಯಾರೂ ಮತ್ತೆ ಚಾಲೂ ಮಾಡದಂತೆಯೂ ನೋಡಿಕೊಳ್ಳುತ್ತದೆ, ಮಾಡ್ಯೂಲ್ ಇಳಿಸುವ ಹೊತ್ತಿಗೆ ಇದೇ ಹೆಚ್ಚು ಒಪ್ಪುವಂಥದು. ಆದರೆ ಇದನ್ನು ಈ ಪ್ಯಾಚಿಗೆ ಸೇರಿಸಲಿಲ್ಲ. ವರ್ತನೆ ಬದಲಿಸುವ ತಿದ್ದುಪಡಿ ಹೆಸರು ಬದಲಿಸುವ ಪ್ಯಾಚಿನೊಳಗೆ ನುಸುಳಿದರೆ ಮುಂದೆ ತೊಂದರೆ ಬಂದಾಗ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ.

ಟೈಮರ್‌ಗಳ ವಿಷಯದಲ್ಲಿ ಹೆಸರಿಗಿಂತ ಆಳವಾದ ಬದಲಾವಣೆ ಆದದ್ದು 2018ರ ಜನವರಿಯಲ್ಲಿ ಬಂದ 4.15ರಲ್ಲಿ. ಅಲ್ಲಿಯವರೆಗೆ ಕಾಲ್‌ಬ್ಯಾಕ್‌ಗೆ ನಾವೇ ಕೊಟ್ಟ ಒಂದು ಪೂರ್ಣಾಂಕ ಸಿಗುತ್ತಿತ್ತು, ಅದರೊಳಗೆ ಪಾಯಿಂಟರನ್ನು ಅಡಗಿಸಿ ಕಳಿಸುವುದು ಎಲ್ಲರ ರೂಢಿ. ಭದ್ರತೆಯ ಕಾರಣಕ್ಕೆ ಆ ಪದ್ಧತಿಯನ್ನು ತೆಗೆದುಹಾಕಿ, ಕಾಲ್‌ಬ್ಯಾಕ್‌ಗೆ ಟೈಮರಿನದೇ ಪಾಯಿಂಟರ್ ಕೊಡುವಂತೆ ಮಾಡಿದರು. ಅದರಿಂದ ಹೊರಗಿನ ಸ್ಟ್ರಕ್ಚರನ್ನು ತಲುಪಲು ಹುಟ್ಟಿದ್ದೇ ‘ಫ್ರಮ್_ಟೈಮರ್’. ಟೈಪ್ ಹೊಂದುತ್ತಿಲ್ಲ ಎಂಬ ಎರರನ್ನು ಬಲವಂತದ ಟೈಪ್ ಕಾಸ್ಟ್‌ನಿಂದ ಮುಚ್ಚಿದ ಪ್ಯಾಚ್‌ಗಳನ್ನು ನಾನು ನೋಡಿದ್ದೇನೆ. ಅವು ಕಂಪೈಲ್ ಆಗುತ್ತವೆ. ಓಡುವಾಗ ಮಾತ್ರ ಕಾಲ್‌ಬ್ಯಾಕ್ ಟೈಮರಿನ ವಿಳಾಸವನ್ನೇ ತನ್ನ ದತ್ತಾಂಶದ ವಿಳಾಸ ಎಂದುಕೊಂಡು ಸಂಬಂಧವಿಲ್ಲದ ಮೆಮೊರಿ ಓದುತ್ತದೆ. ಪಾಯಿಂಟರ್ ಟೈಪ್ ಎರರ್‌ಗೆ ಕಾಸ್ಟ್ ಉತ್ತರವಾಗಿ ಕಂಡರೆ ಅಲ್ಲಿ ನಿಂತು ಎರಡು ಸಲ ಯೋಚಿಸಬೇಕು.

ಒಂದು ಅಕ್ಷರದ ಎರರ್

ಮಾನಿಟರ್ ಮಾಡ್ಯೂಲಿನಲ್ಲಿ ಬಂದದ್ದು ಒಂದೇ ಎರರ್: ‘ಆರ್‌ಡಿಎಂಎಸ್‌ಆರ್‌ಎಲ್_ಸೇಫ್’ ಗೊತ್ತಿಲ್ಲ. ಇದು ಪ್ರೊಸೆಸರಿನ ಎಂಎಸ್‌ಆರ್ ಎಂಬ, ಮಾದರಿಗೆ ತಕ್ಕ ವಿಶೇಷ ರಿಜಿಸ್ಟರ್‌ಗಳನ್ನು ಓದುವ ಫಂಕ್ಷನ್. ಆ ಸಂಖ್ಯೆಯ ರಿಜಿಸ್ಟರ್ ಪ್ರೊಸೆಸರಿನಲ್ಲಿ ಇಲ್ಲದಿದ್ದರೆ ಹುಟ್ಟುವ ಫಾಲ್ಟನ್ನು ಹಿಡಿದು ಎರರ್ ಕೋಡ್ ಕೊಡುವುದರಿಂದ ‘ಸೇಫ್’.

ಕರ್ನಲ್‌ನ ಎಕ್ಸ್86 (ಇಂಟೆಲ್, ಎಎಂಡಿ ಪ್ರೊಸೆಸರ್‌ಗಳ) ವಿಭಾಗದಲ್ಲಿ ‘ಆರ್‌ಡಿಎಂಎಸ್‌ಆರ್’ ಎಂದರೆ 32 ಬಿಟ್‌ಗಳ ಎರಡು ತುಂಡುಗಳಾಗಿ ಓದುವುದು, ‘ಆರ್‌ಡಿಎಂಎಸ್‌ಆರ್‌ಎಲ್’ ಎಂದರೆ 64 ಬಿಟ್ ಒಟ್ಟಿಗೆ ಓದುವುದು. ಕೊನೆಯ ‘ಎಲ್’ 32 ಬಿಟ್ ಎಂಬ ಅರ್ಥ ಕೊಡುತ್ತಿತ್ತು, ಹಾಗಾಗಿ 6.16ರಲ್ಲಿ ಅದನ್ನು ‘ಕ್ಯೂ’ ಮಾಡಿದರು. ಈಗಿನ ಹೆಸರು ‘ಆರ್‌ಡಿಎಂಎಸ್‌ಆರ್‌ಕ್ಯೂ_ಸೇಫ್’.

ಕಂಪೈಲರ್ ಇಂಥ ಕಡೆ ‘ನೀವು ಹೇಳಹೊರಟದ್ದು ಇದೇನಾ’ ಎಂದು ಒಂದು ಹೆಸರು ಸೂಚಿಸುವುದುಂಟು. ಅದು ಕಾಗುಣಿತದ ಹೋಲಿಕೆ ನೋಡಿ ಮಾಡುವ ಊಹೆ, ಅರ್ಥ ತಿಳಿದು ಕೊಡುವ ಸಲಹೆಯಲ್ಲ. ಒಂದಕ್ಷರ ಕಡಿಮೆ ಇರುವ ‘ಆರ್‌ಡಿಎಂಎಸ್‌ಆರ್_ಸೇಫ್’ ಕೂಡ ಅದೇ ಹೆಡರ್‌ನಲ್ಲಿದೆ. ಅದಕ್ಕೆ ಕೈಹಾಕಿ ಕೆಳಗಿನ 32 ಬಿಟ್‌ಗಳನ್ನಷ್ಟೇ ಇಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇಂಟೆಲ್ ಪ್ರೊಸೆಸರ್‌ಗಳ ವಿಎಂಎಕ್ಸ್ (ವರ್ಚುಯಲೈಸೇಶನ್ ಸೌಲಭ್ಯ) ಮೂಲ ಮಾಹಿತಿಯ ರಿಜಿಸ್ಟರನ್ನೇ ನೋಡಬಹುದು. ಅದರ ಕೆಳಗಿನ 31 ಬಿಟ್‌ಗಳಲ್ಲಿ ಇರುವುದು ಪರಿಷ್ಕರಣ ಗುರುತು. 32ರಿಂದ 44ನೇ ಬಿಟ್‌ವರೆಗೆ ವಿಎಂಸಿಎಸ್ ಎಂಬ ನಿಯಂತ್ರಣ ರಚನೆಗೆ ಎಷ್ಟು ಮೆಮೊರಿ ಬೇಕು ಎಂಬುದು, 50ರಿಂದ 53ರವರೆಗೆ ಆ ಮೆಮೊರಿಯ ಬಗೆ. ಮೇಲಿನ ಅರ್ಧ ಕಳೆದರೆ ಈ ಎರಡೂ ಸೊನ್ನೆಯಾಗಿ ಕಾಣುತ್ತವೆ. ಹೈಪರ್‌ವೈಸರಿಗೆ, ಅಂದರೆ ಗೆಸ್ಟ್‌ಗಳನ್ನು ನಡೆಸುವ ತಂತ್ರಾಂಶಕ್ಕೆ, ಅದು ತಪ್ಪು ಬುನಾದಿ.

ಅಳಿಸಿದರೂ ಕಂಪೈಲ್ ಆಗುವ ಸಾಲು

ಮತ್ತೆ ನೆಟ್‌ವರ್ಕ್ ಮಾಡ್ಯೂಲ್. ವರ್ಚುಯಲ್ ಕಾರ್ಡನ್ನು ಸಿದ್ಧಪಡಿಸುವ ಫಂಕ್ಷನ್‌ನಲ್ಲಿ, ಡಿವೈಸಿನ ಫೀಚರ್‌ಗಳಿಗೆ ‘ನೆಟ್‌ಐಎಫ್_ಎಫ್_ಎಲ್‌ಎಲ್‌ಟಿಎಕ್ಸ್’ ಸೇರಿಸುವ ಒಂದು ಸಾಲು ಇತ್ತು. ಆ ಹೆಸರು ಈಗ ಇಲ್ಲ. ಆ ಒಂದು ಸಾಲನ್ನು ಅಳಿಸಿದರೆ ಬಿಲ್ಡ್ ಪೂರ್ಣವಾಗುತ್ತದೆ, ಗೆಸ್ಟ್‌ಗಳಿಗೆ ನೆಟ್‌ವರ್ಕೂ ಬರುತ್ತದೆ. ಅದಕ್ಕಾಗಿಯೇ ಇದು ಈ ಇಡೀ ದುರಸ್ತಿಯಲ್ಲಿ ಅತ್ಯಂತ ಅಪಾಯದ ಜಾಗ.

ಈ ಫ್ಲ್ಯಾಗ್ ಕರ್ನಲ್‌ಗೆ ಹೇಳುವುದು: ‘ಪ್ಯಾಕೆಟ್ ಕಳಿಸುವಾಗ ನೀನು ನನ್ನ ಪರವಾಗಿ ಲಾಕ್ ಹಿಡಿಯಬೇಡ, ಬೇಕಾದ್ದನ್ನು ನಾನೇ ನೋಡಿಕೊಳ್ಳುತ್ತೇನೆ.’ ಲಾಕ್ ಎಂದರೆ ಒಂದು ಹೊತ್ತಿಗೆ ಒಂದೇ ಸಿಪಿಯು ಒಳಹೋಗುವಂತೆ ಮಾಡುವ ಬೀಗ. ಹಾರ್ಡ್‌ವೇರ್ ಇಲ್ಲದ ವರ್ಚುಯಲ್ ಡಿವೈಸ್‌ಗಳು ಈ ಫ್ಲ್ಯಾಗ್ ಬಳಸುವುದಕ್ಕೆ ಕಾರಣವಿದೆ. ಅವು ಬಂದ ಪ್ಯಾಕೆಟನ್ನು ಇನ್ನೊಂದು ಡಿವೈಸಿಗೆ ದಾಟಿಸುತ್ತವೆ. ಒಂದರ ಮೇಲೊಂದು ಕೂತ ಇಂಥ ಜೋಡಣೆಯಲ್ಲಿ ಕಳಿಸುವ ದಾರಿ ಸುತ್ತಿಬಂದು ಅದೇ ಡಿವೈಸಿಗೆ ಮರಳಬಹುದು. ಲಾಕ್ ಹಿಡಿದುಕೊಂಡೇ ಅದೇ ಸಿಪಿಯು ಹೀಗೆ ಮರಳಿ ಬಂದರೆ ಕರ್ನಲ್ ಅದನ್ನು ಗುರುತಿಸಿ, ವರ್ಚುಯಲ್ ಡಿವೈಸಿನಲ್ಲಿ ಕೊನೆಯಿಲ್ಲದ ಸುತ್ತು ಇದೆ, ತುರ್ತಾಗಿ ಸರಿಪಡಿಸಿ ಎಂದು ಲಾಗಿಗೆ ಬರೆದು ಪ್ಯಾಕೆಟನ್ನು ಬಿಸಾಡುತ್ತದೆ. ಅಂಥ ಸುತ್ತು ಇಲ್ಲದ ಕಡೆಯೂ ಎಲ್ಲ ಸಿಪಿಯುಗಳು ಒಂದೇ ಲಾಕ್‌ಗೆ ಕಾಯುವಂತಾಗಿ ವೇಗ ಬೀಳುತ್ತದೆ.

ಕಮಿಟ್ ಹುಡುಕಿದಾಗ ವಿಷಯ ಸ್ಪಷ್ಟವಾಯಿತು. ಫೀಚರ್ ಬಿಟ್‌ಗಳ ಪಟ್ಟಿಯಲ್ಲಿ ನಿಜವಾದ ಫೀಚರ್‌ಗಳಲ್ಲದ, ಚಾಲಕದ ಗುಣಲಕ್ಷಣವನ್ನು ಮಾತ್ರ ಹೇಳುವ ಕೆಲವು ಬಿಟ್‌ಗಳು ಸೇರಿಕೊಂಡಿದ್ದವು. 6.12ರಲ್ಲಿ ಅವನ್ನು ಅಲ್ಲಿಂದ ತೆಗೆದು ನೆಟ್‌ವರ್ಕ್ ಡಿವೈಸಿನ ಸ್ಟ್ರಕ್ಚರ್‌ನಲ್ಲೇ ಪ್ರತ್ಯೇಕ ಫೀಲ್ಡುಗಳಾಗಿ ಇಟ್ಟರು. ಈಗ ಮಾಡಬೇಕಾದದ್ದು ಡಿವೈಸಿನ ‘ಎಲ್‌ಎಲ್‌ಟಿಎಕ್ಸ್’ ಫೀಲ್ಡಿಗೆ ‘ಟ್ರೂ’ ಕೊಡುವುದು. ಸೌಲಭ್ಯ ಹೋಗಿಲ್ಲ, ಜಾಗ ಬದಲಿಸಿದೆ.

ಆವೃತ್ತಿಯ ಕಾವಲು

ಅದೇ ಸೋರ್ಸ್ 6.6ರಲ್ಲೂ ಬಿಲ್ಡ್ ಆಗಬೇಕು ಎಂಬುದು ನನ್ನ ಹಟ. ಹೊಸ ಕರ್ನಲ್ ಕೈಕೊಟ್ಟರೆ ಹಳೆಯದಕ್ಕೆ ಮರಳಲು ದಾರಿ ಇರಬೇಕಲ್ಲ. ಅದಕ್ಕೆ, ಯಾವ ಆವೃತ್ತಿಗೆ ಯಾವ ಸಾಲು ಎಂದು ಕಾಯುವ ಕಾವಲಾಗಿ, ‘ಲಿನಕ್ಸ್_ವರ್ಷನ್_ಕೋಡ್’ ಪರೀಕ್ಷೆ ಬಳಸಿದೆ. ಇದು ಆವೃತ್ತಿಯ ಮೊದಲ ಅಂಕಿಯನ್ನು 65536ರಿಂದ, ಎರಡನೆಯದನ್ನು 256ರಿಂದ ಗುಣಿಸಿ, ಮೂರನೆಯದನ್ನು ಕೂಡಿಸಿದ ಸಂಖ್ಯೆ. 6.6.0 ಎಂದರೆ 394752, 6.16.0 ಎಂದರೆ 397312. ಹೋಲಿಕೆ ಸರಿಯಾಗಿ ಬರುತ್ತದೆ. ಆವೃತ್ತಿಯನ್ನು ದಶಮಾಂಶ ಸಂಖ್ಯೆಯಂತೆ ಹೋಲಿಸುವ ಶೆಲ್ ಸ್ಕ್ರಿಪ್ಟ್‌ಗಳು ಮಾತ್ರ 6.16 ಎಂಬುದು 6.6ಕ್ಕಿಂತ ಚಿಕ್ಕದು ಎಂದು ತೀರ್ಮಾನಿಸುತ್ತವೆ. ಇನ್‌ಸ್ಟಾಲ್ ಸ್ಕ್ರಿಪ್ಟ್‌ಗಳನ್ನೂ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು.

ಕಾವಲಿನ ಗಡಿ ಎಲ್ಲಿ ಹಾಕಬೇಕು ಎಂಬುದಕ್ಕೂ ಇತಿಹಾಸವೇ ಉತ್ತರ. ‘ಟೈಮರ್_ಡಿಲೀಟ್_ಸಿಂಕ್’ಗೆ 6.15 ಅಲ್ಲ, 6.2 ಸರಿಯಾದ ಗಡಿ. ಹೊಸ ಹೆಸರು ಅಂದಿನಿಂದಲೇ ಇದೆ. ಹಾಗಾಗಿ 6.6ರಲ್ಲೂ 6.16ರಲ್ಲೂ ಒಂದೇ ಸಾಲು ಓಡುತ್ತದೆ. ಎಂಎಸ್‌ಆರ್ ಫಂಕ್ಷನ್‌ಗೆ 6.16, ‘ಎಲ್‌ಎಲ್‌ಟಿಎಕ್ಸ್’ಗೆ 6.12.

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನಂಥ ಕಡೆ ಈ ಲೆಕ್ಕ ತಪ್ಪುತ್ತದೆ. ಅದರ 9ನೇ ಆವೃತ್ತಿಯ ಕರ್ನಲ್ ತನ್ನನ್ನು 5.14 ಎಂದು ಕರೆದುಕೊಂಡರೂ ಒಳಗೆ ಎಷ್ಟೋ ಹೊಸ ಬದಲಾವಣೆಗಳನ್ನು ಹಿಂದಕ್ಕೆ ತಂದು ಸೇರಿಸಿರುತ್ತಾರೆ. ಅಲ್ಲಿಗೆ ‘ಆರ್‌ಎಚ್‌ಇಎಲ್_ರಿಲೀಸ್_ಕೋಡ್’ ಎಂಬ ಬೇರೆ ಸಂಖ್ಯೆ ನೋಡಬೇಕು. ಆವೃತ್ತಿ ಬಿಟ್ಟು ಹೆಸರು ಇದೆಯೇ ಎಂದೇ ಕೇಳುವುದು ಇನ್ನೂ ಗಟ್ಟಿ. ‘ಟೈಮರ್_ಕಂಟೇನರ್_ಆಫ್’ ಮ್ಯಾಕ್ರೋ ಆಗಿರುವುದರಿಂದ, ಆ ಹೆಸರು ಇದೆಯೇ ಎಂದು ನೋಡುವ ‘ಇಫ್‌ಡೆಫ್’ ಸಾಕಾಯಿತು, ನಾನು ಅಲ್ಲಿ ಅದನ್ನೇ ಬಳಸಿದೆ. ಫಂಕ್ಷನ್‌ಗಳು ಕಂಪೈಲ್‌ಗೆ ಮೊದಲು ಓಡುವ ಪ್ರೀಪ್ರೊಸೆಸರಿಗೆ ಕಾಣುವುದಿಲ್ಲ. ಅವಕ್ಕೆ ಬಿಲ್ಡ್ ಶುರುವಿನಲ್ಲೇ ಒಂದು ಪುಟ್ಟ ಫೈಲ್ ಕಂಪೈಲ್ ಮಾಡಿ ನೋಡುವ ವ್ಯವಸ್ಥೆ ಬೇಕು.

ಸಹಿ, ಲೋಡ್, ಮತ್ತೊಂದು ತಡೆ

ಇಷ್ಟಾದ ಮೇಲೆ ಎರಡೂ ಮಾಡ್ಯೂಲ್ ಬಿಲ್ಡ್ ಆದವು. ಮಾಡ್ಯೂಲ್ ಕೇಳುವ ಹೆಸರುಗಳೆಲ್ಲ (ಸಿಂಬಲ್‌ಗಳು) ಸಿಗುತ್ತವೆಯೇ ಎಂದು ನೋಡುವ ‘ಮಾಡ್‌ಪೋಸ್ಟ್’ ಹಂತದಲ್ಲಿ ಬಗೆಹರಿಯದ ಸಿಂಬಲ್ ಯಾವುದೂ ಉಳಿದಿರಲಿಲ್ಲ. ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರದಲ್ಲಿ ಸಹಿ ಇಲ್ಲದ ಮಾಡ್ಯೂಲ್ ಲೋಡ್ ಆಗುವುದಿಲ್ಲ. ಸಹಿ ಹಾಕುವ ಸ್ವಂತ ಕೀಯನ್ನು ‘ಮೊಕುಟಿಲ್’ ಎಂಬ ಕಮಾಂಡ್ ಮೂಲಕ ಸೇರಿಸಿ, ರೀಬೂಟ್‌ನಲ್ಲಿ ಬರುವ ನೀಲಿ ಪರದೆಯಲ್ಲಿ ಅದನ್ನು ಒಪ್ಪಿ, ಕರ್ನಲ್ ಹೆಡರ್‌ಗಳ ಜೊತೆ ಬರುವ ‘ಸೈನ್-ಫೈಲ್’ನಿಂದ ಸಹಿ ಹಾಕಿದೆ. ಸಹಿ ಫೈಲಿನ ಕೊನೆಗೆ ಅಂಟಿಕೊಳ್ಳುತ್ತದೆ. ಸಹಿಯಾದ ಮೇಲೆ ‘ಸ್ಟ್ರಿಪ್’ ಓಡಿಸಿದರೆ ಅದು ಕಿತ್ತುಹೋಗುತ್ತದೆ; ಡೀಬಗ್ ಮಾಹಿತಿ ತೆಗೆಯುವುದಿದ್ದರೆ ಮೊದಲೇ ತೆಗೆಯಬೇಕು.

ಮಾಡ್ಯೂಲ್ ಲೋಡ್ ಆಯಿತು, ಗೆಸ್ಟ್ ಆಗಲೂ ಶುರುವಾಗಲಿಲ್ಲ: ಪ್ರೊಸೆಸರಿನ ವಿಎಂಎಕ್ಸ್ ಬೇರೆಯವರ ಬಳಕೆಯಲ್ಲಿದೆ ಎಂಬ ಸಂದೇಶ. ಇದು ಕಂಪೈಲ್ ಎರರ್ ಅಲ್ಲ, ಆದರೆ ಅದೇ ಕರ್ನಲ್ ಏರಿಕೆಯ ಫಲ. 2024ರ ನವೆಂಬರ್‌ನಲ್ಲಿ ಬಂದ 6.12ರಿಂದ ಕೆವಿಎಂ (ಲಿನಕ್ಸ್‌ನದೇ ಹೈಪರ್‌ವೈಸರ್) ಮಾಡ್ಯೂಲ್ ಲೋಡ್ ಆದ ಕೂಡಲೇ ಎಲ್ಲ ಸಿಪಿಯುಗಳಲ್ಲೂ ವರ್ಚುಯಲೈಸೇಶನ್ ಚಾಲೂ ಮಾಡಿಬಿಡುತ್ತದೆ. ಅದಕ್ಕೂ ಮುಂಚೆ ತನ್ನ ಮೊದಲ ಗೆಸ್ಟ್ ಹುಟ್ಟುವವರೆಗೆ ಕಾಯುತ್ತಿತ್ತು, ಹಾಗಾಗಿ ಕೆವಿಎಂ ಸುಮ್ಮನೆ ಲೋಡ್ ಆಗಿ ಕೂತಿದ್ದರೂ ಬೇರೆ ಹೈಪರ್‌ವೈಸರಿಗೆ ಅಡ್ಡಿಯಾಗುತ್ತಿರಲಿಲ್ಲ. ಈಗ ಸಿಆರ್4 ರಿಜಿಸ್ಟರಿನ 13ನೇ ಬಿಟ್ ಆಗಲೇ ಹತ್ತಿರುವುದನ್ನು ಕಂಡು ನಮ್ಮ ಮಾನಿಟರ್ ಮಾಡ್ಯೂಲ್ ಹಿಂದೆ ಸರಿಯುತ್ತದೆ. ಹಾಗೆ ಸರಿಯುವುದು ಸರಿಯಾದ ನಡೆಯೇ. ಆ ಪರೀಕ್ಷೆಯನ್ನು ಕೋಡಿನಿಂದ ತೆಗೆಯಬಾರದು.

ಎರಡು ದಾರಿಗಳಿವೆ. ಕೆವಿಎಂ ಬೇಡವೆಂದರೆ ಪ್ರೊಸೆಸರಿಗೆ ತಕ್ಕ ಕೆವಿಎಂ ಮಾಡ್ಯೂಲನ್ನು ಮೊದಲು, ಆಮೇಲೆ ‘ಕೆವಿಎಂ’ ಅನ್ನು ಇಳಿಸಬಹುದು. ಎರಡೂ ಬೇಕಿದ್ದವರು ಕರ್ನಲ್ ಬೂಟ್ ಸಾಲಿಗೆ ‘ಕೆವಿಎಂ.ಎನೇಬಲ್_ವಿರ್ಟ್_ಅಟ್_ಲೋಡ್=0’ ಸೇರಿಸಿದರೆ ಹಳೆಯ ವರ್ತನೆ ಮರಳುತ್ತದೆ; ಎರಡನ್ನೂ ಏಕಕಾಲಕ್ಕೆ ಓಡಿಸಲು ಮಾತ್ರ ಆಗದು. ನಾನು ಎರಡನೆಯದನ್ನು ಆರಿಸಿದೆ, ಗೆಸ್ಟ್ ಬೂಟ್ ಆಯಿತು.

ಕೊನೆಯ ಪರೀಕ್ಷೆ ಟೈಮರಿಗಾಗಿ. ಮೆಮೊರಿ ತಪ್ಪುಗಳನ್ನು ಹಿಡಿಯುವ ‘ಕಸಾನ್’ ಚಾಲೂ ಇರುವ 6.16 ಕರ್ನಲ್ ಒಂದನ್ನು ಬಿಲ್ಡ್ ಮಾಡಿ, ಗೆಸ್ಟ್‌ನಿಂದ ಎಡೆಬಿಡದೆ ಪ್ಯಾಕೆಟ್ ಹರಿಸಿ, ಗೆಸ್ಟ್ ಮುಚ್ಚಿದ ಕೂಡಲೇ ನೆಟ್‌ವರ್ಕ್ ಮಾಡ್ಯೂಲನ್ನು ಇಳಿಸುವುದು, ಮತ್ತೆ ಏರಿಸುವುದು, ಇದನ್ನೇ ಸ್ಕ್ರಿಪ್ಟ್ ಮಾಡಿ ರಾತ್ರಿಯಿಡೀ ಓಡಿಸಿದೆ. ಕರ್ನಲ್‌ನ ಲಾಗ್ ತೋರಿಸುವ ‘ಡಿಮೆಸೇಜ್’ನಲ್ಲಿ ಕಸಾನ್‌ನ ವರದಿ ಒಂದೂ ಬರಲಿಲ್ಲ, ಕೊನೆಯಿಲ್ಲದ ಸುತ್ತಿನ ಎಚ್ಚರಿಕೆಯೂ ಇಲ್ಲ.

ತಿದ್ದುಪಡಿಗಳನ್ನು ನಾಲ್ಕು ಬೇರೆ ಪ್ಯಾಚ್‌ಗಳಾಗಿ ಇಟ್ಟಿದ್ದೇನೆ: ಫ್ಲ್ಯಾಗ್‌ಗಳು, ಟೈಮರ್, ಎಂಎಸ್‌ಆರ್, ಎಲ್‌ಎಲ್‌ಟಿಎಕ್ಸ್. ಪ್ರತಿಯೊಂದರ ಸಂದೇಶದಲ್ಲೂ ಅದಕ್ಕೆ ಕಾರಣವಾದ ಕರ್ನಲ್ ಕಮಿಟ್‌ನ ಗುರುತಿದೆ. ಸೋರ್ಸನ್ನು ಡಿಕೆಎಂಎಸ್‌ಗೆ ಸೇರಿಸಿರುವುದರಿಂದ ಕರ್ನಲ್ ಅಪ್‌ಡೇಟ್ ಆದಾಗೆಲ್ಲ ಬಿಲ್ಡೂ ಸಹಿಯೂ ತಾನಾಗಿ ನಡೆಯುತ್ತವೆ. ಬಿಲ್ಡ್ ಮುರಿದರೆ ಆ ಆವೃತ್ತಿಯ ಬಿಲ್ಡ್ ಡೈರೆಕ್ಟರಿಯಲ್ಲಿರುವ ‘ಮೇಕ್.ಲಾಗ್’ ಫೈಲನ್ನು ಮೇಲಿನಿಂದ ಓದುವುದು. ಪ್ರೋಟೋಟೈಪ್ ವಾರ್ನಿಂಗ್‌ಗಳ ಪ್ಯಾಚೂ ‘ಟೈಮರ್_ಶಟ್‌ಡೌನ್_ಸಿಂಕ್’ಗೆ ಬದಲಾಯಿಸುವುದೂ ಇನ್ನು ಬಾಕಿ ಇವೆ.